ಭಾವಮೈದುನನಿಲ್ಲದವನ ಹಗ್ಗ

ಹೋದ ಭಾನುವಾರ ನಮ್ಮ ಮನೆಯಲ್ಲಿ ಇದ್ದವರು ಮೂವರು. ಏಣಿಯ ಮೇಲೆ ನಾನು, ಕೆಳಗೆ ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಪಕ್ಕದ ಮನೆಯ ರಂಗಸ್ವಾಮಿ, ಅಡಿಗೆಮನೆಯಲ್ಲಿ ಅಕ್ಕಿ ತೊಳೆಯುತ್ತ ನನ್ನ ಹೆಂಡತಿ ಕಮಲ. ಅಟ್ಟದ ಮೇಲಿದ್ದ ಹಿತ್ತಾಳೆ ಕೊಳಗವನ್ನು ಇಳಿಸಬೇಕಾಗಿತ್ತು. ಅದನ್ನು ಕಂಕುಳಿಗೆ ಸೇರಿಸಿಕೊಂಡು, ಇಳಿಯುವ ಮುಂಚೆ ಅಭ್ಯಾಸಬಲದಿಂದ "ಇದ್ದೀಯಾ?" ಎಂದು ಕೂಗಿದೆ.

"ಇದ್ದೀನಿ ಸಾರ್, ಇಳೀರಿ" ಎಂದ ರಂಗಸ್ವಾಮಿ.

ನಾನು ಇಳಿಯಲಿಲ್ಲ. ಇನ್ನೊಂದು ಸಲ ಕೂಗಿದೆ. ಅಡಿಗೆಮನೆಯಿಂದ "ಇದ್ದೀನಿ, ಇಳೀರಿ" ಎಂದು ಕಮಲ ಹೇಳಿದ ಮೇಲೆಯೇ ಕಾಲು ಕೆಳಗಿನ ಮೆಟ್ಟಿಲಿಗೆ ಬಂದದ್ದು.

"ಏನ್ ಸಾರ್ ಇದು! ಏಣಿ ಹಿಡ್ಕೊಂಡಿರೋನು ನಾನು, ನೀವು ಕೇಳೋದು ಒಳಗಿರೋ ಅವರನ್ನ" ಎಂದು ರಂಗಸ್ವಾಮಿ ಮುಖ ಸಣ್ಣಗೆ ಮಾಡಿಕೊಂಡ. ಪಾಪ, ಅವನದೇನೂ ತಪ್ಪಿಲ್ಲ. ಕಾಫಿ ಕುಡಿಸಿ ಸಮಾಧಾನ ಮಾಡಿ ಕಳಿಸಿದೆನಾದರೂ ಉತ್ತರ ಹೇಳಲಿಲ್ಲ. ಒಂದು ಲೋಟ ಕಾಫಿಯೊಳಗೆ ಮುಗಿಯುವ ಉತ್ತರ ಅದಲ್ಲ. ನಿಮಗಾದರೆ ಬಿಡುವಿದೆ ಎಂದುಕೊಂಡು ಹೇಳುತ್ತೇನೆ.

ಕಣಕಟ್ಟೆಯಲ್ಲಿ ಬಸ್ಸಿಳಿದು ರಾಗಿ ಹೊಲಗಳ ನಡುವೆ ಒಂದು ಗಂಟೆ ನಡೆದರೆ ನಮ್ಮೂರು. ಊರ ಬೆನ್ನಿಗೇ ನೀರ್ಬಂಡೆ. ಕೆರೆಯಲ್ಲಿ ಮುಳುಗಿದ ಎಮ್ಮೆ ಬೆನ್ನಷ್ಟೇ ತೋರಿಸುತ್ತದಲ್ಲ, ಹಾಗೆ ನೆಲದೊಳಗಿಂದ ಎದ್ದ ಒಂದೇ ಕಲ್ಲು. ಅದರ ನೆತ್ತಿಯಲ್ಲಿ ಒಂದು ದೊಣೆ. ಊರ ಬಾವಿಗಳು ತಳ ಕಂಡರೂ ಆ ಕಲ್ಲಿನ ಗುಳಿಯಲ್ಲಿ ಮಾತ್ರ ಮೊಣಕಾಲುದ್ದ ನೀರು ಇದ್ದೇ ಇರುತ್ತಿತ್ತು. ಬಂಡೆಯ ಬುಡದಲ್ಲಿ ಈಶ್ವರನ ಪುಟ್ಟ ಗುಡಿ, ಅದಕ್ಕೆ ನಮ್ಮಪ್ಪ ಅರ್ಚಕರು. ಚೈತ್ರದಲ್ಲಿ ಒಂದು ಸೋಮವಾರ ಆ ದೊಣೆಯ ನೀರಿನಿಂದಲೇ ಈಶ್ವರನಿಗೆ ಅಭಿಷೇಕ ಆಗಬೇಕು, ಆ ನೀರನ್ನು ಅರ್ಚಕರ ಮನೆಯವರೇ ತರಬೇಕು. ಇದು ಯಾವ ಕಾಲದಿಂದ ಬಂತೋ. ಯಾರೋ ಪುಣ್ಯಾತ್ಮರು ಬಂಡೆಗೆ ಹೆಬ್ಬೆರಳು ಊರುವಷ್ಟಷ್ಟು ಕಚ್ಚು ಹೊಡೆದಿದ್ದರು, ಮೂವತ್ತೊಂದು ಕಚ್ಚು. ಅವು ಮುಗಿದ ಮೇಲೆ ಎರಡಾಳೆತ್ತರದ ಒಂದು ಸೀಳು. ಪುಣ್ಯಾತ್ಮರಿಗೆ ಅಲ್ಲಿಗೆ ಸಾಕಾಗಿತ್ತೋ ಏನೋ, ಸೀಳಿನಲ್ಲಿ ಕಚ್ಚಿಲ್ಲ. ಅದರೊಳಗೆ ಪಾದವನ್ನು ಓರೆಯಾಗಿ ತುರುಕಿ ತಿರುಚಿ ಮೇಲೇರಬೇಕು. ಅಪ್ಪ ನನ್ನ ಹುಟ್ಟಿಗೂ ಮುಂಚಿನಿಂದ ಪ್ರತಿ ಚೈತ್ರ ಬರಿಗೈಯಲ್ಲಿ ಹತ್ತಿ, ಸೊಂಟಕ್ಕೆ ತಂಬಿಗೆ ಕಟ್ಟಿಕೊಂಡು ಇಳಿದು ಬರುತ್ತಿದ್ದರು. ಸಂತೆಗೆ ಹೋಗಿ ಬಂದಷ್ಟೇ ಸಲೀಸು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ ಅಪ್ಪನ ಬಲಮೊಣಕಾಲು ಕೈಕೊಟ್ಟಿತು. ನನಗಾಗ ಇಪ್ಪತ್ತೆರಡು, ನಮ್ಮೂರ ಶಾಲೆಯಲ್ಲಿ ಮೇಷ್ಟ್ರು. "ಶಾಮು, ಈ ಸಲ ನೀನು ಹೋಗಿ ಬಾ" ಎಂದರು. ಹೂಂ ಎಂದೆ.

ಮೊದಲ ಸಲ ಅಲ್ಲವೇ, ಎಲ್ಲವೂ ಕ್ರಮವಾಗಿ ಆಗಬೇಕೆಂದು ನನಗೆ ಮಹಾ ಹಟ. ಮಡಿ ಪಂಚೆ ನಡುಮನೆಯ ಗಳುವಿನ ಮೇಲೆ ಒಣಗಿ ತಯಾರಾಗಿತ್ತು. ಆದರೆ ಶಾಲೆಯಲ್ಲಿ ಹತ್ತು ಜನರನ್ನು ಮುಟ್ಟುವ ನನಗೆ ಒಣಮಡಿ ಸಾಲದೇನೋ ಎನಿಸಿ, ಬಾವಿಯಲ್ಲಿ ನಾಲ್ಕು ಕೊಡ ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಹೊರಟೆ. ಹತ್ತುವಾಗ ಅಪ್ಪ ಕೆಳಗಿದ್ದಾರೆ ಎಂಬ ಭಯಕ್ಕೋ ಏನೋ ಸರಾಗ ಹತ್ತಿಬಿಟ್ಟೆ. ದೊಣೆಯಲ್ಲಿ ತಂಬಿಗೆ ತುಂಬಿ ಇಳಿಯಲು ಸೀಳಿನ ಬಾಯಿಗೆ ಬಂದು ನೋಡುತ್ತೇನೆ, ನಾನು ಬಂದ ದಾರಿಯುದ್ದಕ್ಕೂ ಪಂಚೆಯ ನೀರು ತೊಟ್ಟಿಕ್ಕಿ ಬಂಡೆಯ ಪಾಚಿಯೆಲ್ಲ ಲೋಳೆಲೋಳೆ. ಕಾಲಿಟ್ಟೆ, ಜಾರಿತು. ಇನ್ನೊಂದು ಕಡೆ ಇಟ್ಟೆ, ಅದೂ ಜಾರಿತು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತವನು ಹೊತ್ತು ನೆತ್ತಿಗೆ ಬಂದರೂ ಏಳಲಿಲ್ಲ.

ಅಷ್ಟು ಹೊತ್ತಿಗೆ ಕೆಳಗೆ ಊರೇ ನೆರೆದಿತ್ತು. ಜೀವಮಾನದಲ್ಲಿ ಹುಣಿಸೆಮರ ಹತ್ತದವರೂ ನನಗೆ ದಾರಿ ಹೇಳಿದರು. "ಎಡಗಾಲ್ ಇಡಿ ಮೇಷ್ಟ್ರೇ!" "ಬಲಗಾಲ್ ಕಣಯ್ಯಾ, ಎಡಕ್ಕೆ ಏನೂ ಇಲ್ಲ!" "ಕಣ್ ಮುಚ್ಕೊಂಡು ಜಾರ್‌ಬಂಡೆ ಆಡಿ, ಹುಲ್ಲು ಹಾಸಿರ್ತೀವಿ!" ಕೊನೆಗೆ ಬಂಡೆಯ ಆಚೆ ಮಗ್ಗುಲಿನಲ್ಲಿ ಹೆಜ್ಜೇನು ಕೀಳಲು ಬಂದಿದ್ದ ಕೆಂಚಣ್ಣನನ್ನು ಯಾರೋ ಕರೆತಂದರು. ಅವನು ಹಲ್ಲಿಯ ಹಾಗೆ ಸರಸರ ಮೇಲೆ ಬಂದು, ನನ್ನ ಕಂಕುಳ ಕೆಳಗೆ ಹಗ್ಗ ಬಿಗಿದು, ಬಾವಿಗೆ ಬಿದ್ದ ಕರುವನ್ನು ಮೇಲಕ್ಕೆತ್ತುತ್ತಾರಲ್ಲ, ಅದನ್ನೇ ತಿರುವುಮುರುವು ಮಾಡಿ ನನ್ನನ್ನು ಇಳಿಸಿದ. ನಡುದಾರಿಯಲ್ಲಿ ನಾನು ಒಮ್ಮೆ ಗಿರಕಿ ಹೊಡೆದೆ, ತಂಬಿಗೆಯ ನೀರೆಲ್ಲ ಚೆಲ್ಲಿತು.

ಆ ವರ್ಷ ಬಾವಿನೀರಿನಲ್ಲಿ ಅಭಿಷೇಕವಾಯಿತು. ಮಾರನೆಯ ಬೆಳಿಗ್ಗೆ ಶಾಲೆಯ ಬೋರ್ಡಿನ ಮೇಲೆ ಒಂದು ಬಂಡೆ, ಒಂದು ದಾರ, ದಾರದ ತುದಿಗೆ ಕನ್ನಡಕ ಹಾಕಿಕೊಂಡ ಒಂದು ಗಂಟುಮೂಟೆ. ಚಿತ್ರ ಚೆನ್ನಾಗಿಯೇ ಇತ್ತು. ಅದನ್ನು ನಾನೇ ಒರೆಸಿದೆ. ಅದಕ್ಕೆಲ್ಲ ನಾನು ಕುಗ್ಗಲಿಲ್ಲ ಬಿಡಿ. ಕುಗ್ಗಿದ್ದು ಆ ಮಧ್ಯಾಹ್ನ ಊಟಕ್ಕೆ ಕೂತಾಗ. ಅಪ್ಪ ಮೊಣಕಾಲಿಗೆ ಎಕ್ಕದೆಲೆ ಕಟ್ಟಿಕೊಂಡು ಗೋಡೆಗೆ ಒರಗಿದ್ದವರು, ಮಜ್ಜಿಗೆ ಕಲಸುತ್ತ, "ಬರುವ ವರ್ಷ ನಾನೇ ಹತ್ತುತ್ತೇನೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆಡಿದ ಮಾತನ್ನು ಅವರು ಮಾಡದೆ ಬಿಟ್ಟವರೂ ಅಲ್ಲ. ಅಮ್ಮ ಬಡಿಸುವ ಸೌಟನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಆ ಕಾಲು ಹೊತ್ತುಕೊಂಡು ಆ ಸೀಳು ಹತ್ತಿದರೆ ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು. ಕೈ ತೊಳೆದವನೇ ಕೆಂಚಣ್ಣನ ಮನೆಯ ಕಡೆ ಹೊರಟೆ.

ಕೆಂಚಣ್ಣ ಜಗುಲಿಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ ಮುದ್ದ. "ನನಗೆ ಬಂಡೆ ಹತ್ತೋದು ಕಲಿಸು" ಎಂದೆ.

"ಮದ್ವೆ ಆಗೈತಾ ಮೇಷ್ಟ್ರೇ?" ಎಂದು ಕೇಳಿದ.

"ಅದಕ್ಕೂ ಇದಕ್ಕೂ ಏನಯ್ಯಾ ಸಂಬಂಧ?"

"ಹಂಗಾರೆ ನಿಮ್ ಹಗ್ಗ ಹಿಡಿಯೋರ್ ಯಾರು?"

ಆಗ ಗೊತ್ತಾಯಿತು ನೋಡಿ ಜೇನು ಕೀಳುವವರ ಕಟ್ಟಳೆ. ಬಂಡೆಯ ಅಂಚಿನಿಂದ ಹಗ್ಗದಲ್ಲಿ ಇಳಿಯುವವನ ಜೀವ ಮೇಲೆ ಹಗ್ಗ ಹಿಡಿದವನ ಕೈಯಲ್ಲಿ. ಆ ಹಗ್ಗವನ್ನು ಹೆಂಡತಿಯ ಅಣ್ಣನೋ ತಮ್ಮನೋ ಮಾತ್ರ ಹಿಡಿಯಬೇಕು.

"ಒಡಹುಟ್ಟಿದೋನ ಕೈಗೆ ಕೊಟ್ರೆ, ಹೋದ್ ವರ್ಷದ್ ಜಗಳ ಅವನಿಗೆ ಆಗ್ಲೇ ಗೆಪ್ತಿಗ್ ಬಂದ್ರೆ?" ಎಂದ ಕೆಂಚಣ್ಣ. "ಇವ್ನು ನೋಡಿ, ನನ್ ಮುಖ ಕಂಡ್ರೆ ಆಗಕಿಲ್ಲ. ಆದ್ರೂ ಬಿಡಂಗಿಲ್ಲ. ಬಿಟ್ರೆ ಇವ್ನಕ್ಕ ನಾಕ್ ಮಕ್ಳು ಕಟ್ಕೊಂಡು ಇವ್ನ ಮನೆಗೇ ಬತ್ತಾಳೆ. ಅಲ್ವೇನ್ಲಾ?"

"ಅದೊಂದೇ ಭಯ ಕಣ್ ಬಾವ" ಎಂದ ಮುದ್ದ, ನಾರಿನಿಂದ ಕಣ್ಣೆತ್ತದೆ.

ಹಳೇಬೀಡಿನಲ್ಲಿ ಪೋಸ್ಟಾಫೀಸಿನಲ್ಲಿದ್ದ ನನ್ನ ಅಕ್ಕನ ಗಂಡ ಸೀತಾರಾಮು ಭಾವನನ್ನು ಹಗ್ಗ ಹಿಡಿಯಲು ಕರೆತರಲೇ ಎಂದೆ. ಕೆಂಚಣ್ಣ ಯೋಚಿಸಿದ. "ಅವ್ರು ಕೈಬಿಟ್ರೆ ಅವ್ರ ಮನೇಲಿ ಯಾರಿಗ್ ಏನ್ ನಷ್ಟ? ನಿಮ್ಮಕ್ಕ ಒಂದಿನ ಅತ್ಕಂಡು ಸುಮ್ಕಾಗ್ತಾರೆ. ಆಗಕಿಲ್ಲ. ಅವ್ರು ಹತ್ತೋದಾದ್ರೆ ನೀವು ಹಿಡೀಬೋದು." ಸೀತಾರಾಮು ಭಾವ ಅಂಚೆ ಚೀಲ ಎತ್ತಲು ಸ್ಟೂಲು ಹತ್ತಿದರೂ ತಲೆಸುತ್ತು ಬರುವ ಮನುಷ್ಯ.

"ಹಾಗಾದರೆ ನನಗೆ ದಾರಿಯೇ ಇಲ್ಲವೇ?"

"ಐತೆ. ಮದ್ವೆ ಆಗೋಗಂಟ ನಿಮ್ಮನ್ ನೀವೇ ಇಳಿಸ್ಕಳೋದ್ ಕಲೀರಿ. ಹತ್ತೋದ್ ಆಮ್ಯಾಕೆ ನೋಡಾನ."

ಹೀಗೆ ನನ್ನ ವಿದ್ಯಾಭ್ಯಾಸ ಇಳಿಯುವುದರಿಂದ ಶುರುವಾಯಿತು. ಮೊದಲ ಪಾಠವೇ ಮಂಗಳಾರತಿ. "ಬಂಡೆ ಜಾರ್‌ನಿಲ್ಲ ಮೇಷ್ಟ್ರೇ, ನಿಮ್ ಪಂಚೆ ಜಾರಿಸ್ತು" ಎಂದ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವರು ಮೊದಲ ಸಲ ನಕ್ಕರು. "ಅಯ್ಯೋ ಮಂಕೇ, ಒದ್ದೆಯಲ್ಲಿ ಹೋಗು ಅಂದವರು ಯಾರೋ ನಿನಗೆ? ನಾನು ಯಾವತ್ತೂ ಒಣಮಡಿಯಲ್ಲೇ ಹೋಗಿದ್ದು. ಪಾದ ಕೂಡ ಒರೆಸಿಕೊಂಡು ಹತ್ತುತ್ತಿದ್ದೆ." ದೇವರಿಗೆ ಬೇಡವಾಗಿದ್ದ ನಾಲ್ಕು ಕೊಡ ನೀರನ್ನು ನಾನೇ ಹೊತ್ತು ಮೇಲೆ ಒಯ್ದಿದ್ದೆ.

ಮತ್ತೊಂದು ಶರತ್ತು. ಹಗ್ಗವನ್ನು ನಾನೇ ಹೊಸೆಯಬೇಕು. ಎಳೆ ಎಲ್ಲಿ ಸೊಕ್ಕಿದೆ, ಎಲ್ಲಿ ಸೋತಿದೆ ಎಂಬುದು ಹೊಸೆದವನ ಅಂಗೈಗೆ ಮಾತ್ರ ಗೊತ್ತಂತೆ. ತೆಂಗಿನ ಸಿಪ್ಪೆಯನ್ನು ಕೆರೆಯಲ್ಲಿ ಕೊಳೆಹಾಕಿ, ತಿಂಗಳುಗಟ್ಟಲೆ ಕಾದು, ಬಡಿದು, ನಾರು ಬಿಡಿಸಿ ಹೊಸೆದೆ. ಆ ವಾಸನೆಗೆ ಅಮ್ಮ ನನಗೆ ಜಗುಲಿಯಲ್ಲೇ ಎಲೆ ಹಾಕುತ್ತಿದ್ದಳು. ಮೊದಲ ಹಗ್ಗವನ್ನು ಕೆಂಚಣ್ಣ ಎರಡು ಕಡೆ ಹಿಡಿದು ಜಗ್ಗಿ, "ಎಮ್ಮೆ ಕರ ಕಟ್ಟೋಕ್ ಆಯ್ತದೆ" ಎಂದು ಪಕ್ಕಕ್ಕೆಸೆದ. ಎರಡನೆಯದನ್ನು, "ಎಮ್ಮೆ ಕಟ್ಬೋದು" ಎಂದ. ಮೂರನೆಯದನ್ನು ಜಗ್ಗಿ ಸುರುಳಿ ಸುತ್ತಿ ನನ್ನ ಹೆಗಲಿಗೆ ಹಾಕಿದ.

ಪ್ರತಿ ಭಾನುವಾರ ಬಂಡೆ. ಮೊದಲ ವಾರ ಐದೇ ಕಚ್ಚು ಹತ್ತು, ಐದೇ ಕಚ್ಚು ಇಳಿ. ಆರನೆಯದಕ್ಕೆ ಕೈ ಹಾಕಿದರೆ, "ಇಳೀರಿ ಕೆಳಕ್ಕೆ! ಐದು ಇಳಿಯೋಕ್ ಬರ್ದಿದ್ದೋರು ಆರು ಹತ್ತಿ ಏನ್ ಮಾಡ್ತೀರಿ?" ಕೈಕಾಲು ನಾಲ್ಕರಲ್ಲಿ ಮೂರು ಕಲ್ಲನ್ನು ಹಿಡಿದಿರಬೇಕು, ಒಂದೇ ಒಂದು ಜಾಗ ಬದಲಿಸಬೇಕು. ಹೊಟ್ಟೆಯನ್ನು ಬಂಡೆಗೆ ಅಂಟಿಸಬಾರದು. ಮಗ್ಗಿ ತಪ್ಪಿದವರಿಗೆ ಹತ್ತು ಸಲ ಬರೆಯಿರೆನ್ನುತ್ತಿದ್ದ ಈ ಮೇಷ್ಟ್ರಿಗೆ ಹತ್ತು ಸಲ ಇಳಿಯುವ ಶಿಕ್ಷೆ ಎಷ್ಟು ಭಾನುವಾರ ಆಗಿದೆಯೋ ಲೆಕ್ಕವಿಲ್ಲ.

ಈ ಹುಚ್ಚು ನನ್ನನ್ನು ಪರವೂರಿನಲ್ಲೂ ಬಿಡಲಿಲ್ಲ. ದಸರಾ ರಜಕ್ಕೆ ಅಕ್ಕನ ಮನೆಗೆ ಹೋದಾಗ ಭಾವ ಹುಲಿಕೆರೆಯ ಕೊಳ ತೋರಿಸಲು ಕರೆದೊಯ್ದರು. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲು, ಸಾಲಾಗಿ ಪುಟ್ಟ ಪುಟ್ಟ ಗುಡಿಗಳು, ಎಷ್ಟು ಅಂದದ ಕೆಲಸ! ಭಾವ ಹೊಯ್ಸಳರ ವಿಷಯ ಹೇಳುತ್ತಲೇ ಇದ್ದರು. ನನ್ನ ಕಣ್ಣಿಗೆ ಕಂಡದ್ದು ಮೆಟ್ಟಿಲುಗಳ ಕಡಿದಾದ ಇಳಿಜಾರು ಮಾತ್ರ. ಕಲ್ಲಿಗೆ ಮುಖ ಮಾಡಿ, ಮೂರು ಹಿಡಿದು ಒಂದು ಬಿಟ್ಟು, ಹಿಮ್ಮುಖವಾಗಿ ಇಳಿಯತೊಡಗಿದೆ. ಬಟ್ಟೆ ಒಗೆಯಲು ಬಂದಿದ್ದ ಒಬ್ಬ ಮುದುಕಿ ಒಗೆಯುವುದನ್ನು ನಿಲ್ಲಿಸಿ, "ಯಾವ್ ದೇವ್ರಿಗಪ್ಪಾ ಈ ಹರಕೆ? ಮಕ್ಳಾಗ್ಲಿ ಅಂತ್ಲಾ?" ಎಂದಳು.

"ಇನ್ನೂ ಮದುವೆಯೇ ಆಗಿಲ್ಲಮ್ಮ" ಎಂದೆ.

"ಇಂಗ್ ಇಳೀತಿದ್ರೆ ಯಾರ್ ಕೊಡ್ತಾರಪ್ಪ ಹೆಣ್ಣು?" ಎಂದಳು. ಭಾವ ಅಷ್ಟು ಹೊತ್ತಿಗೆ ನನ್ನ ಪರಿಚಯವೇ ಇಲ್ಲದವರಂತೆ ದೂರ ಹೋಗಿ ನಿಂತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಗಂಟುಗಳ ಪಾಠ. ಹಗ್ಗವನ್ನು ಮೇಲಿನ ಗುಂಡುಕಲ್ಲಿಗೆ ಬಳಸಿ ಎರಡೂ ತುದಿಯನ್ನು ಕೆಳಗೆ ಬಿಡುವುದು. ಆ ಜೋಡಿ ಎಳೆಯನ್ನು ತೊಡೆಸಂದಿಯಿಂದ ತಂದು ಎದೆಯ ಮೇಲೆ ಹಾಯಿಸಿ ಹೆಗಲಿನಿಂದ ಬೆನ್ನಿಗೆ ಇಳಿಬಿಟ್ಟು, ಮೈಯುಜ್ಜುತ್ತ ಮೆಲ್ಲಗೆ ಇಳಿಯುವುದು. ಉಜ್ಜುವುದು ಎಂದೆನಲ್ಲ, ತೆಂಗಿನ ನಾರು ಚರ್ಮದ ಮೇಲೆ ಹೇಗೆ ಉಜ್ಜುತ್ತದೆಂದು ಬಲ್ಲವರೇ ಬಲ್ಲರು. ಅಮ್ಮ ಬರೆಗಳಿಗೆ ಬೆಣ್ಣೆ ಸವರುತ್ತ, "ಶಾಲೆಯಲ್ಲಿ ಮಕ್ಕಳಿಗೆ ಹೊಡೀತೀಯೋ, ಅವರ ಹತ್ತಿರ ಹೊಡೆಸ್ಕೊಳ್ತೀಯೋ?" ಎನ್ನುತ್ತಿದ್ದಳು. ಎಲ್ಲದಕ್ಕೂ ಕಿರೀಟವಿಟ್ಟಂತೆ ಜಿಗಣೆಗಂಟು. ಬೆರಳುಗಾತ್ರದ ಹುರಿಯ ಕುಣಿಕೆಯನ್ನು ದೊಡ್ಡ ಹಗ್ಗಕ್ಕೆ ಮೂರು ಸುತ್ತು ಸುತ್ತಿ ಸೊಂಟಕ್ಕೆ ಬಿಗಿಯುವುದು. ಭಾರ ಬಿದ್ದರೆ ಜಿಗಣೆಯ ಹಾಗೆ ಕಚ್ಚಿಕೊಳ್ಳುತ್ತದೆ. ಭಾರ ತೆಗೆದು ಬೆರಳಲ್ಲಿ ದೂಡಿದರೆ ಸುಮ್ಮನೆ ಕೆಳಗೆ ಸರಿಯುತ್ತದೆ.

ಕೆಂಚಣ್ಣನೂ ಮುದ್ದನೂ ಕೆಲಸ ಮಾಡುವುದನ್ನು ಅಷ್ಟು ದಿನ ನೋಡಿದ್ದೆ. ಇಳಿಯುವ ಮುಂಚೆ ಕೆಂಚಣ್ಣ ಹಗ್ಗವನ್ನು ಎರಡು ಸಲ ಜಗ್ಗಿ, "ಇದ್ದೀಯೇನ್ಲಾ?" ಎನ್ನುವನು. "ಇದ್ದೀನ್ ಬಾವ" ಎಂದು ಮುದ್ದ ಹೇಳದ ಹೊರತು ಒಂದು ಗೇಣೂ ಇಳಿಯನು. ಎದುರಿಗೇ ನಿಂತಿದ್ದರೂ ಕೇಳಲೇಬೇಕು.

"ಒಬ್ಬನೇ ಇಳಿಯುವ ನಾನು ಯಾರನ್ನು ಕೇಳಲಿ?"

"ಹಗ್ಗಾನೇ ಕೇಳಿ. ಎಲ್ಡು ಸಲ ಜಗ್ಗಿ. ಬಿಗಿಯಾಗ್ ನಿಂತ್ಕಂಡ್ರೆ, ಇದ್ದೀನಿ ಅಂದಂಗೆ."

ಚೈತ್ರ ಬಂತು. ಆ ಸೋಮವಾರ ಬೆಳಿಗ್ಗೆ ಒಣಮಡಿ ಉಟ್ಟು, ಪಾದ ಒರೆಸಿಕೊಂಡು, ಹಗ್ಗದ ಸುರುಳಿ ಹೆಗಲಿಗೆ ಹಾಕಿ ಬಂಡೆಯ ಬುಡಕ್ಕೆ ಹೋದರೆ ಅಪ್ಪ ಆಗಲೇ ಅಲ್ಲಿದ್ದರು. ಪಂಚೆಯನ್ನು ಕಚ್ಚೆಗಟ್ಟಿದ್ದರು, ಸೊಂಟದಲ್ಲಿ ಇನ್ನೊಂದು ತಂಬಿಗೆ. "ನೀನು ಹೋಗು. ಸಿಕ್ಕಿಕೊಂಡೆಯೋ, ನಾನು ಬರುತ್ತೇನೆ" ಎಂದರು. ಕೆಂಚಣ್ಣ ಒಂದು ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ನಾನಿವತ್ತು ಬರೀ ನೋಡಕ್ ಬಂದಿರೋದು" ಎಂದ.

ಮೂವತ್ತೊಂದು ಕಚ್ಚು ಹತ್ತಿದೆ, ಸೀಳು ಹತ್ತಿದೆ. ದೊಣೆಯಲ್ಲಿ ತಂಬಿಗೆ ತುಂಬಿ, ಬಾಯಿಗೆ ಬಾಳೆಲೆ ಮುಚ್ಚಿ ನಾರಿನಿಂದ ಬಿಗಿದು, ದಾರದಲ್ಲಿ ಬೆನ್ನಿಗೆ ತೂಗುಹಾಕಿಕೊಂಡೆ. ಗುಂಡುಕಲ್ಲಿಗೆ ಹಗ್ಗ ಬಳಸಿದೆ, ಜಿಗಣೆ ಸುತ್ತಿದೆ. ಎರಡು ಸಲ ಜಗ್ಗಿ, "ಇದ್ದೀಯಾ?" ಎಂದೆ.

ಹಗ್ಗ ಬಿಗಿಯಾಗಿ ನಿಂತಿತು. ಆ ಪದ್ಧತಿ ಏನೂ ಗೊತ್ತಿಲ್ಲದ ಅಪ್ಪ ಕೆಳಗಿನಿಂದ, "ಇದ್ದೀನಿ ಕಣೋ" ಎಂದರು.

ಅರ್ಧ ಸೀಳು ಇಳಿದಿರಬಹುದು. ಬೆನ್ನ ಮೇಲಿನ ತಂಬಿಗೆ ಓಲಾಡಿ ಸೀಳಿನೊಳಗೆ ಹೋಗಿ ಕೂತಿತು. ಕೂತಿದ್ದು ಬೆಣೆ ಹೊಡೆದ ಹಾಗೆ. ದಾರ ನನ್ನ ಕೊರಳಿಗೆ ಒತ್ತಿತು. ಕೆಳಗೆ ಹೋಗುವಂತಿಲ್ಲ, ಹಗ್ಗ ಹಿಡಿದ ಕೈ ಬಿಡುವಂತಿಲ್ಲ.

"ದಾರ ಕುಯ್ದಾಕಿ ಮೇಷ್ಟ್ರೇ!" ಎಂದು ಕೆಂಚಣ್ಣ ಎದ್ದುನಿಂತು ಕೂಗಿದ.

ಸೊಂಟದಲ್ಲಿ ಚಾಕು ಇತ್ತು. ಕುಯ್ದರೆ ನಾನು ಇಳಿಯುತ್ತೇನೆ, ನೀರು ಇಳಿಯುವುದಿಲ್ಲ. ನೀರು ಇಳಿಯದಿದ್ದರೆ ಅಪ್ಪ ಹತ್ತುತ್ತಾರೆ. ಬಗ್ಗಿ ನೋಡಿದೆ. ಹತ್ತುತ್ತಾರೇನು, ಆಗಲೇ ಹತ್ತುತ್ತಿದ್ದರು! ಮೂರನೆಯ ಕಚ್ಚಿನಲ್ಲಿ ಎಡಗಾಲು, ಬಲಗಾಲನ್ನು ಕೈಯಿಂದ ಎತ್ತಿ ನಾಲ್ಕನೆಯದಕ್ಕೆ ಇಡುತ್ತಿದ್ದರು.

"ಅಪ್ಪಾ, ಬರಬೇಡಿ! ಅಲ್ಲೇ ನಿಲ್ಲಿ! ನಾನೇ ಇಳಿಯುತ್ತೇನೆ!" ಎಂದು ಕಿರುಚಿದೆ. ಅವರಿಗೆ ಹಾಗೆ ಅಪ್ಪಣೆ ಕೊಟ್ಟದ್ದು ಅದೇ ಮೊದಲು, ಅದೇ ಕೊನೆ.

ವರ್ಷವೆಲ್ಲ ಕಲಿತದ್ದು ಹಿಡಿಯುವುದನ್ನು. ಈಗ ಬೇಕಾದದ್ದು ಬಿಡುವುದು. ಜಿಗಣೆ ಕಚ್ಚಿದೆ ಎಂದು ಬುದ್ಧಿಗೆ ಗೊತ್ತು, ಬೆರಳುಗಳಿಗೆ ಗೊತ್ತಿಲ್ಲ. ಒಂದೊಂದೇ ಬೆರಳು ಬಿಡಿಸಿದೆ. ಮೊದಲು ಎಡಗೈ, ಆಮೇಲೆ ಬಲಗೈ. ಹುರಿ ಕಿರ್ರೆಂದು ಒಂದಿಂಚು ಸರಿಯಿತು, ಕಚ್ಚಿತು, ನಿಂತಿತು. ನಾನು ಹೊಸೆದ ಹಗ್ಗದಲ್ಲಿ, ನಾನು ಸುತ್ತಿದ ಗಂಟಿನಲ್ಲಿ, ಕೈ ಎರಡೂ ಖಾಲಿಯಾಗಿ ತೂಗಾಡುತ್ತಿದ್ದೆ. ಮೆಲ್ಲಗೆ ಹಿಂದೆ ಕೈ ಹಾಕಿ ತಂಬಿಗೆಯನ್ನು ಅತ್ತಿತ್ತ ಅಲ್ಲಾಡಿಸಿದೆ. ಬಾಳೆಲೆ ಹರಿದು ತಣ್ಣನೆಯ ನೀರು ಬೆನ್ನ ಮೇಲೆ ಹರಿಯಿತು. ಇನ್ನೊಮ್ಮೆ ಅಲ್ಲಾಡಿಸಿದೆ, ಕಿತ್ತು ಬಂತು. ಅದನ್ನು ಎದೆಯ ಕಡೆಗೆ ತಿರುಗಿಸಿಕೊಂಡು, ಪಾದವನ್ನು ಸೀಳಿಗೆ ತುರುಕಿ ಎದ್ದುನಿಂತು ಭಾರ ತೆಗೆದೆ, ಜಿಗಣೆಯನ್ನು ಕೆಳಗೆ ದೂಡಿದೆ. ಮತ್ತೆ ಕೂತೆ, ಮತ್ತೆ ನಿಂತೆ. ಸೀಳು ಮುಗಿಯಿತು. ಹಗ್ಗ ಎಳೆದುಕೊಂಡು ಕಚ್ಚುಗಳನ್ನು ಒಂದೊಂದಾಗಿ ಇಳಿದೆ.

ಅಪ್ಪ ಇನ್ನೂ ಮೂರನೆಯ ಕಚ್ಚಿನಲ್ಲೇ ಇದ್ದರು. "ಎಡಗಾಲು ಕೆಳಗಿಡಿ. ಹೂಂ. ಈಗ ಬಲಗೈ" ಎಂದು ಮೇಲಿನಿಂದ ಹೇಳುತ್ತ ಅವರನ್ನು ಇಳಿಸಿ ನಾನೂ ಇಳಿದೆ. ಅವರು ತಂಬಿಗೆ ತೆಗೆದುಕೊಂಡು ಒಳಗೆ ನೋಡಿದರು.

"ಅರ್ಧ ಇದೆ" ಎಂದರು. ತಂಬಿಗೆಯನ್ನು ಕಣ್ಣಿಗೊತ್ತಿಕೊಂಡು, "ಸಾಕು" ಎಂದರು. ತಮ್ಮ ಸೊಂಟದ ತಂಬಿಗೆ ಬಿಚ್ಚಿ ನನ್ನ ಕೈಗೆ ಕೊಟ್ಟು ಗುಡಿಯೊಳಕ್ಕೆ ನಡೆದರು. ಕೆಂಚಣ್ಣ ಮತ್ತೆ ಕಲ್ಲಿನ ಮೇಲೆ ಕೂತು, ಅರ್ಧಕ್ಕೇ ಬಿಟ್ಟಿದ್ದ ಎಲೆಗೆ ಸುಣ್ಣ ಹಚ್ಚಿದ.

ಮರುವರ್ಷ ಮಾಘದಲ್ಲಿ ಹೆಣ್ಣು ನೋಡಲು ಬೇಲೂರಿಗೆ ಹೋದೆವು. ಹುಡುಗಿಗೆ ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಅಪ್ಪ ಏನೂ ಕೇಳಲಿಲ್ಲ. ಉಪ್ಪಿಟ್ಟು ಮುಗಿಸಿ ಒಂದೇ ಪ್ರಶ್ನೆ: "ಹುಡುಗಿಗೆ ಅಣ್ಣತಮ್ಮಂದಿರು ಎಷ್ಟು ಜನ?"

"ನಾಲ್ಕೂ ಹೆಣ್ಣೇ ನಮಗೆ. ಗಂಡು ಸಂತಾನ ಇಲ್ಲ" ಎಂದರು ಮನೆಯ ಯಜಮಾನರು, ಸಂಕೋಚದಿಂದ. ಕೆಂಚಣ್ಣನ ಕಟ್ಟಳೆ ಅಷ್ಟರಲ್ಲಿ ಅಪ್ಪನ ಕಿವಿಗೂ ಬಿದ್ದಿತ್ತು. ಅವರು ನನ್ನ ಮುಖ ನೋಡಿದರು, ನಾನು ಬಾಗಿಲ ಕಡೆ ನೋಡುತ್ತಿದ್ದೆ. ಅಲ್ಲಿ ಕಮಲ ನಿಂತಿದ್ದಳು. ಮದುವೆ ಆಯಿತು.

ಚೈತ್ರದ ಸೋಮವಾರ ಬಂಡೆಯ ಬುಡದಲ್ಲಿ ಎಂದಿನಂತೆ ಹಗ್ಗ ಹೆಗಲಿಗೆ ಹಾಕಿಕೊಂಡೆ. "ಮದ್ವೆ ಆದ್ರೂ ನಿಮ್ ಹಣೇಲಿ ಭಾವಮೈದ ಬರ್ದಿಲ್ಲ ಬಿಡಿ" ಎಂದು ಕೆಂಚಣ್ಣ ನಕ್ಕ. ಏನದು ಎಂದು ಅಪ್ಪನ ಜೊತೆ ಬಂದಿದ್ದ ಕಮಲ ಕೇಳಿದಳು. ಅವನು ಕಟ್ಟಳೆಯನ್ನೆಲ್ಲ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, "ಇವರು ಬಿದ್ದರೆ ಕುಂಕುಮ ಹೋಗೋದು ನಂದು. ನನಗಿಂತ ಭದ್ರವಾಗಿ ಯಾರಪ್ಪಾ ಹಿಡೀತಾರೆ?" ಎಂದಳು. ಕೆಂಚಣ್ಣ ಅಪ್ಪನ ಕಡೆ ನೋಡಿದ. ಅಪ್ಪ, "ಕಾಲು ಎಲ್ಲಿ ಒದ್ದು ಕೂರಬೇಕು ಅಂತ ಅವಳಿಗೆ ತೋರಿಸು" ಎಂದರು.

ನಾನು ಹತ್ತಿದೆ. ತಂಬಿಗೆ ತುಂಬಿದೆ, ಗುಂಡುಕಲ್ಲಿಗೆ ಹಗ್ಗ ಬಳಸಿ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದನ್ನು ಕೆಳಗೆ ಬಿಟ್ಟೆ. ಬಗ್ಗಿ ನೋಡಿದರೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಾಲನ್ನು ಒಂದು ಕಲ್ಲಿಗೆ ಒದ್ದುಕೊಂಡು, ಹಗ್ಗವನ್ನು ಬೆನ್ನಿಗೆ ಸುತ್ತಿ ಹಿಡಿದು ಕೂತಿದ್ದಳು.

ಎರಡು ಸಲ ಜಗ್ಗಿ, "ಇದ್ದೀಯಾ?" ಎಂದೆ.

"ಇದ್ದೀನಿ, ಇಳೀರಿ" ಎಂದಳು.